ದೀಪದ ಎರಡು, ಹಾಡಿನ ಮೂರು

ಪ್ಯಾಂಟಿನ ಎಡಗಾಲಿನ ಅಂಚು ಬಿಚ್ಚಿ ಆಗಿತ್ತು. ಬಲಗಾಲಿನದು ಅರ್ಧಕ್ಕೆ ಬಂದಿತ್ತು. ಟೈಲರಮ್ಮ ಬ್ಲೇಡಿನ ಮೂಲೆಯಿಂದ ಹಳೆಯ ಹೊಲಿಗೆಯನ್ನು ಅಲ್ಲಲ್ಲಿ ಕತ್ತರಿಸಿ, ದಾರದ ತುದಿ ಹಿಡಿದು ಸರ್ರನೆ ಎಳೆದು, ಬಟ್ಟೆಗೆ ಅಂಟಿಕೊಂಡ ತುಣುಕುಗಳನ್ನು ಒದ್ದೆ ಬೆರಳಿನಿಂದ ಒತ್ತಿ ಎತ್ತುತ್ತಿದ್ದಳು. ಗೋಡೆಯ ಗಡಿಯಾರದಲ್ಲಿ ಮೂರು ಗಂಟೆ. ನಾಲ್ಕಕ್ಕೆ ಕಟಿಂಗ್ ಟೇಬಲ್ ಖಾಲಿಯಾಗಬೇಕು. ಭಾನುವಾರ ನಾಲ್ಕರ ಮೇಲೆ ಆ ಟೇಬಲ್ಲಿನಲ್ಲಿ ಬಟ್ಟೆಗೆ ಜಾಗವಿರಲಿಲ್ಲ, ಅದು ಆಟಕ್ಕೆ.

ಹನ್ನೊಂದು ವರ್ಷದಿಂದ ನಡೆದುಬಂದ ಪದ್ಧತಿ. ಆರಡಿ ಉದ್ದ, ನಾಲ್ಕಡಿ ಅಗಲದ ಟೇಬಲ್ ಗುಂಪಿನಲ್ಲಿ ಬೇರೆ ಯಾರ ಮನೆಯಲ್ಲೂ ಇರಲಿಲ್ಲವಾದ್ದರಿಂದ ಎಲ್ಲರೂ ಅವಳ ಅಂಗಡಿಯ ಹಿಂದಿನ ಕೋಣೆಗೇ ಬರುತ್ತಿದ್ದರು. ಇಸ್ಪೀಟಿನಂಥ ಆಟವಲ್ಲ ಇದು. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರ ಹೊತ್ತು ಆ ಕಥೆಯೊಳಗೆ ಹೊಕ್ಕು ಕಾಡು ದಾಟುತ್ತಾರೆ, ಕೋಟೆ ಹತ್ತುತ್ತಾರೆ, ರಾಕ್ಷಸರ ಜೊತೆ ಗುದ್ದಾಡುತ್ತಾರೆ. ಯಾರಿಗೆ ಏನೇನು ಶಕ್ತಿ ಎಂಬುದು ಅವರವರ ಹಾಳೆಯಲ್ಲಿ ಬರೆದಿರುತ್ತದೆ. ಏಟು ತಾಗಿತೋ ತಪ್ಪಿತೋ ಎಂದು ತೀರ್ಮಾನಿಸುವುದು ಇಪ್ಪತ್ತು ಮುಖದ ದಾಳ. ಸತ್ತ ಪಾತ್ರ ಸತ್ತಂತೆಯೇ. ಮತ್ತೆ ಎದ್ದು ಬರುವುದಿಲ್ಲ.

ಕಥೆ ನಡೆಸುವವನು ಅವಳ ತಮ್ಮ. ಟೇಬಲ್ಲಿನ ತುದಿಯಲ್ಲಿ ಶರ್ಟಿನ ಡಬ್ಬಿಯ ರಟ್ಟನ್ನು ಅಡ್ಡ ನಿಲ್ಲಿಸಿಕೊಂಡು, ಅದರ ಹಿಂದೆ ಯಾರಿಗೂ ಕಾಣದಂತೆ ರಾಕ್ಷಸರ ಲೆಕ್ಕ ಬರೆದುಕೊಳ್ಳುವನು. ಪ್ಯಾಟರ್ನ್ ಕತ್ತರಿಸುವ ಕಂದು ಕಾಗದ ಹಾಸಿ, ಅಕ್ಕನ ಚಾಕ್‌ನಿಂದಲೇ ಅದರ ಮೇಲೆ ನದಿ, ಬಂಡೆ, ಸೇತುವೆ ಬರೆಯುವನು. ಆಡುವವರಲ್ಲಿ ಒಬ್ಬ ಬಸ್ ಡ್ರೈವರ್. ರಸ್ತೆಯಲ್ಲಿ ನಲವತ್ತರ ಮೇಲೆ ಮುಳ್ಳು ಏರಿಸದ ಮನುಷ್ಯ. ಆಟದಲ್ಲಿ ಮಾತ್ರ ಕೊಡಲಿ ಹಿಡಿದು ಎಲ್ಲರಿಗಿಂತ ಮೊದಲು ನುಗ್ಗುವ ಭೂಪ. ಇನ್ನೊಬ್ಬಳು ಔಷಧಿ ಅಂಗಡಿಯವಳು. ಏನು ಹೇಳಿದರೂ ‘ಊಟಕ್ಕೆ ಮೊದಲೋ ಆಮೇಲೋ’ ಎಂದು ಕೇಳುವ ಚಾಳಿಯಿಂದ ಎಲ್ಲರ ಬಾಯಲ್ಲೂ ಅವಳು ಡೋಸ್. ಆಟದಲ್ಲಿ ಅವಳು ಬೀಗ ಮುರಿಯುವ ಕಳ್ಳಿ. ಡ್ರೈವರನ ಕಾಯಿ ಸೋಡಾ ಬಾಟಲಿಯ ಮುಚ್ಚಳ, ಡೋಸ್‌ಳದು ಕೆಮ್ಮಿನ ಸಿರಪ್ಪಿನ ಮುಚ್ಚಳ, ಟೈಲರಮ್ಮನದು ಅಪ್ಪನ ಕೋಟಿನಿಂದ ಉಳಿದ ಒಂದು ಹಿತ್ತಾಳೆ ಗುಂಡಿ.

ಟೈಲರಮ್ಮ ಆಟದಲ್ಲಿ ದೀಪದವಳು. ಅವಳು ದೀಪ ಹಚ್ಚಿದರೆ ಸುತ್ತ ನಿಂತವರೆಲ್ಲರ ರಕ್ಷಣೆ ಎರಡು ಏರುತ್ತದೆ. ಹನ್ನೊಂದಿದ್ದವರಿಗೆ ಹದಿಮೂರು. ಶತ್ರುವಿನ ದಾಳ ಹದಿಮೂರು ಮುಟ್ಟದಿದ್ದರೆ ಏಟು ಗಾಳಿಗೆ. ಎಲ್ಲೇ ಹೊಡೆದಾಟ ಶುರುವಾದರೂ ಡ್ರೈವರ್ “ಟೈಲರಮ್ಮಾ, ದೀಪ!” ಎಂದು ಕೂಗುವನು. ಅವಳು ಅವಸರವಿಲ್ಲದೆ ಹಳದಿ ಚಾಕ್ ತೆಗೆದು ಹಿತ್ತಾಳೆ ಗುಂಡಿಯ ಸುತ್ತ ಒಂದು ವೃತ್ತ ಎಳೆಯುವಳು. ಉಳಿದವರು ತಮ್ಮ ತಮ್ಮ ಮುಚ್ಚಳಗಳನ್ನು ಆ ವೃತ್ತದೊಳಕ್ಕೆ ಸರಿಸಿಕೊಳ್ಳುವರು. ಆ ಒಂದು ಕೂಗಿಗಾಗಿ ಅವಳು ವಾರವಿಡೀ ಕಾಲರು, ಕಫು, ಪಟ್ಟಿ ಹೊಲಿಯುತ್ತಿದ್ದಳು ಎಂದರೂ ತಪ್ಪಿಲ್ಲ.

ನಿಯಮಗಳ ಯಜಮಾನಿಕೆಯೂ ಅವಳದೇ. ತಮ್ಮ ಹತ್ತು ವರ್ಷದವನಿದ್ದಾಗ ಗೋಡೆ ಹಾರಿ ಕಾಲು ಮುರಿದುಕೊಂಡು ಮೂರು ತಿಂಗಳು ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ. ಅಮ್ಮ ಇರಲಿಲ್ಲ, ಅಪ್ಪ ಮಿಷನ್ ಬಿಟ್ಟು ಏಳುವ ಹಾಗಿರಲಿಲ್ಲ. ಪಕ್ಕದ ಮನೆಯವರು ಯಾರೋ ಕೊಟ್ಟ ಈ ಆಟದ ಪುಸ್ತಕದಲ್ಲಿ ಅರ್ಧದಷ್ಟು ಹಾಳೆಗಳೇ ಇಲ್ಲ. ಇಲ್ಲದ ನಿಯಮಗಳನ್ನು ಹದಿನೇಳರ ಅಕ್ಕ ಅಪ್ಪನ ಆರ್ಡರ್ ಪುಸ್ತಕದ ಖಾಲಿ ಹಾಳೆಗಳಲ್ಲಿ ತಾನೇ ಬರೆದಳು. ಹುಡುಗ ಮಹಾ ಆಸೆಬುರುಕ. ಗುರಾಣಿಯ ಮೇಲೆ ಗುರಾಣಿ, ಕವಚದ ಮೇಲೆ ಕವಚ, ಕೊರಳಿಗೆ ಏಳು ತಾಯತ ಹೇರಿಕೊಂಡು “ಈಗ ಬಾ ನೋಡೋಣ” ಎನ್ನುವವನು. ಅವನ ದುರಾಸೆಗೆ ಕಡಿವಾಣ ಹಾಕಲು ಅವಳು ಹದಿನಾಲ್ಕನೆಯ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದಳು: ‘ಒಂದೇ ಬಗೆಯ ಎರಡು ಶಕ್ತಿ ಒಬ್ಬರ ಮೇಲೆ ಬಿದ್ದರೆ ಕೂಡಿಸಬಾರದು. ದೊಡ್ಡದನ್ನು ಮಾತ್ರ ಹಿಡಿಯಬೇಕು.’

ಅದೇ ಆರ್ಡರ್ ಪುಸ್ತಕ ಈಗಲೂ ಆಟದ ಶಾಸನ. ಏನೇ ತಕರಾರು ಬಂದರೂ ಎಲ್ಲರೂ ಅವಳ ಮುಖ ನೋಡುವರು. ಅವಳು ‘ಇದೆ’ ಎಂದರೆ ಇದೆ, ‘ಇಲ್ಲ’ ಎಂದರೆ ಇಲ್ಲ. ಪುಟ ತೆರೆದು ತೋರಿಸು ಎಂದು ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ.

ಐದು ವಾರದ ಹಿಂದೆ ತಮ್ಮ ಹೆಂಡತಿಯನ್ನು ಕರೆದುಕೊಂಡು ಬಂದ.

ಮೂವತ್ತೊಂಬತ್ತಕ್ಕೆ ಮದುವೆಯಾದವನು. ಆಗಲಿ ಎಂದು ಹಟ ಹಿಡಿದವಳೂ ಅಕ್ಕನೇ. ತನ್ನ ಮದುವೆಯ ಮಾತು ಬಂದಾಗಲೆಲ್ಲ ‘ಈ ಯೂನಿಫಾರ್ಮ್ ಸೀಸನ್ ಮುಗೀಲಿ’ ಎಂದು ಮುಂದೂಡುತ್ತಾ ಬಂದು ಆ ಸೀಸನ್ನು ಮುಗಿಯದೇ ಹೋದದ್ದು ಬೇರೆ ಮಾತು. ನಾದಿನಿ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ತೆಳ್ಳಗೆ, ಚುರುಕು, ನಕ್ಕರೆ ಎಡಗೆನ್ನೆ ಮಾತ್ರ ಗುಳಿ ಬೀಳುವುದು. ಮದುವೆಮನೆಯಲ್ಲಿ ಟೈಲರಮ್ಮನಿಗೆ ಅವಳನ್ನು ಕಂಡರೆ ಆಗದಿರಲು ಒಂದು ಕಾರಣವೂ ಸಿಕ್ಕಿರಲಿಲ್ಲ. ಕಾರಣ ಸಿಕ್ಕಿದ್ದು ಆ ಭಾನುವಾರ, ನಾದಿನಿ ಪರ್ಸಿನಿಂದ ಹತ್ತಿಯಲ್ಲಿ ಸುತ್ತಿದ ಬೆರಳುದ್ದದ ಬೊಂಬೆಯೊಂದನ್ನು ತೆಗೆದು ನಕ್ಷೆಯ ಮೇಲೆ ನಿಲ್ಲಿಸಿದಾಗ. ನೀಲಿ ಉಡುಪು, ಕೈಯಲ್ಲಿ ಗೋಧಿಕಾಳಿನಷ್ಟು ತಂತಿವಾದ್ಯ, ತುಟಿಗೂ ಬಣ್ಣ.

“ಇವರೇ ಬಣ್ಣ ಹಚ್ಚಿದ್ದು, ಒಂದು ವಾರ ಹಿಡೀತು,” ಎಂದಳು ನಾದಿನಿ. “ರೆಪ್ಪೆಗೂ ಹಚ್ಚಿದ್ದಾರೆ ನೋಡಿ ಅತ್ತಿಗೆ. ಒಂದೇ ಕೂದಲಿನ ಬ್ರಷ್ಷಲ್ಲಿ.”

“ನಮ್ಮ ಮುಚ್ಚಳಗಳ ಮಧ್ಯೆ ಮದುಮಗಳು ಬಂದು ನಿಂತ ಹಾಗಿದೆ,” ಎಂದ ಡ್ರೈವರ್.

ಟೈಲರಮ್ಮ ತನ್ನ ಹಿತ್ತಾಳೆ ಗುಂಡಿಯನ್ನು ನೋಡಿದಳು. ಹನ್ನೊಂದು ವರ್ಷದಲ್ಲಿ ಅದಕ್ಕೆ ಒಂದು ಸಲ ಪಾಲಿಶ್ ಹಾಕೋಣ ಎಂದು ತಮ್ಮನಿಗೆ ತೋಚಿರಲಿಲ್ಲ. ಅವಳು ಅದನ್ನು ಕೇಳಿಯೂ ಇರಲಿಲ್ಲ. ಆದರೂ ಹೊಟ್ಟೆಯಲ್ಲಿ ಯಾರೋ ಬಿಸಿ ಇಸ್ತ್ರಿಪೆಟ್ಟಿಗೆ ಇಟ್ಟು ಮರೆತುಹೋದಂತಾಯಿತು.

ನಾದಿನಿಯ ಪಾತ್ರ ಹಾಡುಗಾರ್ತಿ. ಅವಳು ಹಾಡಿದರೆ ಸುತ್ತಲಿನವರ ರಕ್ಷಣೆ ಮೂರು ಏರುತ್ತದೆ. ಡ್ರೈವರ್ ಕುಣಿದಾಡಿಬಿಟ್ಟ. “ದೀಪದ್ದು ಎರಡು, ಹಾಡಿನದು ಮೂರು, ಒಟ್ಟು ಐದು! ಇನ್ನು ನನ್ನನ್ನ ಮುಟ್ಟೋ ಗಂಡು ಹುಟ್ಟಬೇಕು.”

“ಸೇರಲ್ಲ,” ಎಂದಳು ಟೈಲರಮ್ಮ. ತನ್ನ ಎರಡನ್ನು ಅವನು ಅಷ್ಟು ಸಲೀಸಾಗಿ ಆ ಮೂರರ ಜೊತೆ ಕೂಡಿಸಿದ್ದೇ ಅವಳಿಗೆ ಸಹಿಸಲಾಗಲಿಲ್ಲ. “ಒಂದೇ ಬಗೇದು ಸೇರಲ್ಲ. ಹದಿನಾಲ್ಕನೇ ಪುಟ.” ಹಳೆಯದು ಉಳಿಯುತ್ತದೆ, ಹೊಸದಾಗಿ ಬಂದದ್ದು ಬಿದ್ದುಹೋಗುತ್ತದೆ ಎಂದು ಆ ಗಳಿಗೆಯಲ್ಲಿ ಅವಳ ತಲೆಗೆ ಹೇಗೋ ಹೊಕ್ಕಿತ್ತು. ಪುಸ್ತಕವನ್ನು ತಾನೇ ತೆರೆದು ತಮ್ಮನ ಮುಂದೆ ತಳ್ಳಿದಳು. ಅವನು ಗಟ್ಟಿಯಾಗಿ ಓದಿದ. ‘ದೊಡ್ಡದನ್ನು ಮಾತ್ರ’ ಎಂಬಲ್ಲಿಗೆ ಬಂದಾಗ ಅವನ ದನಿ ತಗ್ಗಿತು.

“ಅಂದ್ರೆ ದೀಪ?” ಎಂದಳು ಡೋಸ್.

“ದೀಪ ಉರೀತಿರುತ್ತೆ,” ಎಂದ ತಮ್ಮ, ಅಕ್ಕನ ಮುಖ ನೋಡದೆ. “ಹಾಡು ನಡೀವಾಗ ಲೆಕ್ಕಕ್ಕೆ ಬರಲ್ಲ, ಅಷ್ಟೇ.”

“ಟೈಲರಮ್ಮ ತಾನೇ ಅಳತೆ ತಗೊಂಡು ತನ್ನ ತೋಳೇ ಕತ್ತರಿಸಿಕೊಂಡ್ರು!” ಡ್ರೈವರ್ ಟೇಬಲ್ ಬಡಿದು ನಕ್ಕ.

ನಾದಿನಿ ನಗಲಿಲ್ಲ. “ಬಿಡಿ ಅತ್ತಿಗೆ, ಕೂಡಿಸ್ಕೊಳ್ಳೋಣ. ಆಟ ತಾನೇ?”

ಆ ಕನಿಕರ ಡ್ರೈವರನ ನಗುವಿಗಿಂತ ಆಳಕ್ಕೆ ಇಳಿಯಿತು. “ನಿಯಮ ಅಂದ್ರೆ ನಿಯಮ,” ಎಂದು ಟೈಲರಮ್ಮ ಪುಸ್ತಕ ಮುಚ್ಚಿದಳು. ಅಂದಿನಿಂದ ಹೊಡೆದಾಟ ಶುರುವಾದರೆ ಡ್ರೈವರ್ ಕೂಗುವುದು “ತಂಗೀ, ಹಾಡು!” ಎಂದು. ಹಳದಿ ಚಾಕ್ ಡಬ್ಬಿಯಲ್ಲೇ ಉಳಿಯಿತು.

ನಾದಿನಿ ಮೊದಲ ದಿನವೇ ಇನ್ನೊಂದು ಮಾತು ಹೇಳಿದ್ದಳು. “ಇವಳು ಸತ್ರೆ ನಾನು ಇನ್ನೊಂದು ಪಾತ್ರ ಮಾಡಲ್ಲಪ್ಪ. ಇವಳೊಬ್ಬಳೇ. ಆಮೇಲೆ ಭಾನುವಾರ ಮನೇಲಿ ಹೊದ್ದು ಮಲಗ್ತೀನಿ, ನೀವು ಅಕ್ಕ ತಮ್ಮ ಆಡ್ಕೊಳ್ಳಿ.” ಎಲ್ಲರೂ ತಮಾಷೆ ಎಂದುಕೊಂಡು ಮರೆತರು. ಟೈಲರಮ್ಮ ಮರೆಯಲಿಲ್ಲ. ಸೂಜಿಗೆ ದಾರ ಪೋಣಿಸುವಾಗ, ಗುಂಡಿ ತೂತು ಹೊಲಿಯುವಾಗ ಆ ಮಾತು ತಾನಾಗಿ ಬಂದು ಪಕ್ಕದಲ್ಲಿ ಕೂರುವುದು.

ಐದು ವಾರ ಪ್ರತಿ ಸಂಜೆ ಅಂಗಡಿ ಬಾಗಿಲು ಎಳೆದ ಮೇಲೆ ಅವಳು ಆರ್ಡರ್ ಪುಸ್ತಕವನ್ನು ಮೊದಲಿನಿಂದ ಓದಿದಳು. ತನ್ನ ನಿಯಮದಲ್ಲಿ ತಾನೇ ಸಂದು ಹುಡುಕುತ್ತ. ಮೊನ್ನೆ ಗುರುವಾರ ಸಿಕ್ಕಿತು. ಹತ್ತೊಂಬತ್ತನೆಯ ಪುಟದ ಕೆಳಗೆ, ಪೆನ್ಸಿಲಿನಲ್ಲಿ, ಅರ್ಧ ಅಳಿಸಿದ್ದು: ‘ಶತ್ರು ದಾಳ ಉರುಳಿಸುವ ಮೊದಲು ದೀಪದವರು ಗುಂಪು ಬಿಟ್ಟು ಒಬ್ಬರೇ ಶತ್ರುವಿನ ಪಕ್ಕಕ್ಕೆ ಹೋಗಿ ಅವನ ಕಣ್ಣಿಗೆ ಬೆಳಕು ಬಿಡಬಹುದು. ಆಗ ಶತ್ರುವಿನ ದಾಳದಲ್ಲಿ ಎರಡು ಕಳೆಯಬೇಕು. ಇದು ರಕ್ಷಣೆಯ ಲೆಕ್ಕಕ್ಕೆ ಸೇರಿದ್ದಲ್ಲ, ಬೇರೆ. ಆದರೆ ಆಗ ದೀಪದಿಂದ ಯಾರಿಗೂ ರಕ್ಷಣೆ ಇಲ್ಲ.’

ಅದನ್ನು ಬರೆದ ಸಂಜೆಯೂ ನೆನಪಾಯಿತು. ಕರೆಂಟು ಹೋಗಿ ಅವಳು ಕಿಟಕಿಯ ಹತ್ತಿರ ಕೂತು ಕೈಹೊಲಿಗೆ ಹಾಕುತ್ತಿದ್ದಾಗ, ಪ್ಲಾಸ್ಟರಿನ ಹುಡುಗ ಮಲಗಿದಲ್ಲಿಂದಲೇ ಟಾರ್ಚ್ ಬೆಳಕನ್ನು ಅವಳ ಕಣ್ಣಿಗೆ ಬಿಟ್ಟಿದ್ದ. ಸೂಜಿ ಹೆಬ್ಬೆರಳಿಗೆ ಹೊಕ್ಕು ರಕ್ತ ಬಂದಿತ್ತು. “ಇದೂ ಒಂದು ಶಕ್ತಿ, ಬರ್ಕೋ ಅಕ್ಕ,” ಎಂದು ಅವನು ಕೇಕೆ ಹಾಕಿದ್ದ. ಬೆರಳು ಚೀಪುತ್ತಲೇ ಅವಳು ಬರೆದಿದ್ದಳು.

ಸಿಕ್ಕಿದ ಖುಷಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಲೆಕ್ಕ ಹಾಕಿ ನೋಡಿದಳು. ಹಾಡು ಎಲ್ಲರ ರಕ್ಷಣೆಗೆ ಮೂರು ಕೂಡಿಸುತ್ತದೆ, ದೀಪ ಶತ್ರುವಿನ ದಾಳದಿಂದ ಎರಡು ಕಳೆಯುತ್ತದೆ. ಒಟ್ಟಿನಲ್ಲಿ ಐದರ ಬಲ ನಿಜ. ಆದರೆ ಹಿತ್ತಾಳೆ ಗುಂಡಿ ಒಂಟಿಯಾಗಿ ರಾಕ್ಷಸನ ಮಗ್ಗುಲಲ್ಲಿ ನಿಲ್ಲಬೇಕು. ಕಳೆಯುವ ಲೆಕ್ಕ ನಡೆಯುವುದು ತಮ್ಮನ ರಟ್ಟಿನ ಹಿಂದೆ, ಯಾರಿಗೂ ಕಾಣದು. ಉಳಿದವರು ಬೊಂಬೆಯ ಸುತ್ತ ಗುಂಪುಗೂಡಿ ‘ಏನು ಹಾಡು ತಂಗಿ!’ ಎನ್ನುತ್ತಾರೆ. ಅವಳು ಪುಸ್ತಕವನ್ನು ದಾರದ ಡಬ್ಬಿಯ ಕೆಳಗಿಟ್ಟಳು. ಕೇಳಿದರೆ ಹೇಳಿದರಾಯಿತು ಎಂದುಕೊಂಡಳು.

ಬಲಗಾಲಿನ ಅಂಚು ಬಿಚ್ಚಿ ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ನಾದಿನಿ. ತೋಳ ಮೇಲೆ ಬೂದು ಬಣ್ಣದ ಕೋಟು.

“ಸ್ವಲ್ಪ ಬೇಗ ಬಂದೆ ಅತ್ತಿಗೆ. ಇವರು ಚಾಕ್ ಖಾಲಿಯಾಗಿದೆ ಅಂತ ತರೋಕೆ ಹೋದ್ರು. ಇದರ ತೋಳು ಉದ್ದ ಆಯ್ತು, ಅಂಗಡೀಲಿ ಲೆನ್ಸಿಗೆಲ್ಲಾ ತಾಗುತ್ತೆ.”

“ಹಾಕ್ಕೋ, ನೋಡೋಣ.”

ಟೈಲರಮ್ಮ ಅವಳ ಭುಜದಿಂದ ಮಣಿಕಟ್ಟಿನವರೆಗೆ ಟೇಪು ಹಿಡಿದಳು. ಒಂದೂಕಾಲು ಇಂಚು ಮಡಿಸಿ ಪಿನ್ನು ಚುಚ್ಚುವಾಗ ಆ ಮಣಿಕಟ್ಟಿನ ಒಳಬದಿಯಲ್ಲಿ ನೀಲಿ ಬಣ್ಣದ ಒಂದು ಚುಕ್ಕೆ ಕಂಡಿತು. ಬೊಂಬೆಯ ಉಡುಪಿನ ನೀಲಿ. ತಮ್ಮ ಈ ವಾರವೂ ಬ್ರಷ್ಷು ಹಿಡಿದಿದ್ದಾನೆ. ಇವಳು ಪಕ್ಕದಲ್ಲೇ ಕೂತಿದ್ದಾಳೆ. ಪಿನ್ನು ಕೋಟಿನ ಆಚೆ ಹೋಯಿತು.

“ಹಾ!”

“ಚುಚ್ತಾ? ಅಲ್ಲಾಡಬೇಡ ಅಂತ ಹೇಳೋಣ ಅಂತಿದ್ದೆ.”

“ಪರವಾಗಿಲ್ಲ ಬಿಡಿ,” ಎಂದು ನಾದಿನಿ ಮಣಿಕಟ್ಟು ಉಜ್ಜಿಕೊಂಡಳು.

ನಾಲ್ಕಕ್ಕೆ ಎಲ್ಲರೂ ಸೇರಿದರು. ಕಂದು ಕಾಗದದ ಮೇಲೆ ಕಳೆದ ವಾರ ಬರೆದ ಸೇತುವೆ. ಸೇತುವೆಯ ಆಚೆ ತುದಿಯಲ್ಲಿ ತಮ್ಮ ಕಪ್ಪು ದಾರದ ದೊಡ್ಡ ಉರುಳೆಯನ್ನು ನಿಲ್ಲಿಸಿದ. “ಕಲ್ಲುಗೂಬೆ,” ಎಂದ, ದನಿ ತಗ್ಗಿಸಿ. “ಸಾವಿರ ವರ್ಷದಿಂದ ಇಲ್ಲೇ ಕೂತಿದೆ. ರೆಕ್ಕೆ ಬಿಚ್ಚಿದರೆ ಚೂರು ಚೂರು ಕಲ್ಲು ಉದುರುತ್ತೆ. ಕಣ್ಣು ಒಂದೊಂದೂ ಗಾಡಿಯ ಚಕ್ರದಷ್ಟು.” ಕಥೆ ಹೇಳುವಾಗ ಅವನ ಮುಖ ಹತ್ತು ವರ್ಷದ್ದಾಗುತ್ತಿತ್ತು. ಆ ಮುಖ ತನಗೊಬ್ಬಳಿಗೇ ಗೊತ್ತು ಎಂದು ಟೈಲರಮ್ಮ ಇಷ್ಟು ದಿನ ತಿಳಿದಿದ್ದಳು. ಈಗ ನಾದಿನಿ ಅಂಗೈಯಲ್ಲಿ ಗಲ್ಲವಿಟ್ಟು ಅದೇ ಮುಖವನ್ನು ನೋಡುತ್ತಿದ್ದಳು.

“ತಂಗೀ, ಹಾಡು!” ಎಂದು ಡ್ರೈವರ್ ಸೋಡಾ ಮುಚ್ಚಳವನ್ನು ಸೇತುವೆಯ ಮಧ್ಯಕ್ಕೆ ನೂಕಿದ.

“ಒಂದು ಹಾರ್ನ್ ಆದ್ರೂ ಹೊಡೀಬಾರದಾ?” ಎಂದಳು ಡೋಸ್.

ಗೂಬೆ ರೆಕ್ಕೆ ಬೀಸಿತು. ತಮ್ಮ ದಾಳ ಉರುಳಿಸಿದ. ಹದಿಮೂರು. ಡ್ರೈವರನ ರಕ್ಷಣೆ ಹನ್ನೆರಡು, ಹಾಡಿನ ಮೂರು ಸೇರಿ ಹದಿನೈದು. ಏಟು ತಪ್ಪಿತು.

“ನೋಡಿದ್ರಾ? ಹಾಡಿಲ್ಲದಿದ್ರೆ ನನ್ನ ತಿಥಿ ಆಗ್ತಿತ್ತು!” ಡ್ರೈವರ್ ಎರಡೂ ಕೈಯೆತ್ತಿ ನಾದಿನಿಗೆ ಮುಗಿದ.

ದೀಪವೊಂದೇ ಇದ್ದಿದ್ದರೂ ಹದಿನಾಲ್ಕಾಗುತ್ತಿತ್ತು, ಆಗಲೂ ತಪ್ಪುತ್ತಿತ್ತು. ಟೈಲರಮ್ಮ ಮನಸ್ಸಿನಲ್ಲೇ ಲೆಕ್ಕ ಮಾಡಿದಳು. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಡೋಸ್‌ಳ ಚಾಕು ಕಲ್ಲಿಗೆ ತಾಗಿ ಮುರಿಯಿತು. ಗೂಬೆ ಹಾರಿತು. ಡ್ರೈವರನ ತಲೆಯ ಮೇಲಿಂದ ಹಾರಿ, ಹಾಡು ಎಲ್ಲಿಂದ ಬರುತ್ತಿದೆಯೋ ಅಲ್ಲಿಗೇ ಇಳಿಯಿತು. ತಮ್ಮ ದಾರದ ಉರುಳೆಯನ್ನು ಬೊಂಬೆಯ ಎದುರಿಗೆ ಇಟ್ಟ. ಅವನಿಗೇ ಇಷ್ಟವಿರಲಿಲ್ಲ ಎಂಬುದು ಇಟ್ಟ ರೀತಿಯಲ್ಲೇ ತಿಳಿಯುತ್ತಿತ್ತು. ಆದರೆ ಕಥೆ ನಡೆಸುವವನು ಹೆಂಡತಿಯೆಂದು ರಿಯಾಯಿತಿ ತೋರಿದರೆ ಆಟ ಅಲ್ಲಿಗೆ ಸತ್ತಂತೆ.

“ನನ್ನ ರಕ್ಷಣೆ ಹನ್ನೊಂದು, ಹಾಡಿನದು ಮೂರು, ಹದಿನಾಲ್ಕು,” ನಾದಿನಿ ತನ್ನ ಹಾಳೆಯ ಮೇಲೆ ಬೆರಳಾಡಿಸಿದಳು. “ಜೀವ ಒಂಬತ್ತು. ಇದರ ಏಟು ಎಷ್ಟು?”

“ಎಂಟು,” ಎಂದ ತಮ್ಮ.

“ಅಯ್ಯೋ.” ಅವಳು ಗೂಬೆಯನ್ನು ನೋಡಿದಳು, ಆಮೇಲೆ ಹಿತ್ತಾಳೆ ಗುಂಡಿಯನ್ನು. ಹುಬ್ಬು ಗಂಟಾಯಿತು. “ಅತ್ತಿಗೆ, ನಿಮ್ಮ ದೀಪಾನ ನಮ್ಮ ಮೇಲೆ ಹಿಡಿಯೋ ಬದಲು ಅದರ ಕಣ್ಣಿಗೇ ಬಿಟ್ರೆ? ನಮ್ಮಂಗಡೀಲಿ ಕಣ್ಣಿಗೆ ಲೈಟ್ ಬಿಟ್ಟ ಮೇಲೆ ಎರಡು ನಿಮಿಷ ಬೋರ್ಡಿನ ಅಕ್ಷರಾನೇ ಕಾಣಲ್ಲ ಜನಕ್ಕೆ. ಗೂಬೆ ಬೇರೆ ಇದು. ಹಾಗೇನಾದ್ರೂ ಮಾಡಬಹುದಾ? ಪುಸ್ತಕದಲ್ಲಿ ಇದೆಯಾ?”

ಡ್ರೈವರ್, ಡೋಸ್, ತಮ್ಮ, ಎಲ್ಲರೂ ಎಂದಿನಂತೆ ಟೈಲರಮ್ಮನ ಮುಖ ನೋಡಿದರು.

ಮೂವತ್ತು ವರ್ಷ ಅವಳೇ ಮರೆತಿದ್ದುದನ್ನು, ಐದು ವಾರ ಪುಟ ತಿರುವಿ ಹುಡುಕಿದ್ದನ್ನು, ಈ ಹುಡುಗಿ ಕೂತಲ್ಲೇ ಯೋಚಿಸಿ ಹೇಳಿಬಿಟ್ಟಿದ್ದಳು. ಪುಸ್ತಕ ಟೈಲರಮ್ಮನ ಮೊಣಕೈಯ ಹತ್ತಿರವೇ ಇತ್ತು.

“ಇಲ್ಲ,” ಎಂದಳು. “ಹಾಗೆಲ್ಲಾ ಇಲ್ಲ.”

ತಮ್ಮ ತಲೆಯಾಡಿಸಿದ. ಅಕ್ಕ ಇಲ್ಲ ಎಂದ ಮೇಲೆ ಮುಗಿಯಿತು. ಅವನ ಮುಖದಲ್ಲಿ ಅನುಮಾನದ ಒಂದು ಎಳೆಯಾದರೂ ಸುಳಿದಿದ್ದರೆ ಅವಳು ‘ತಡಿ, ನೋಡ್ತೀನಿ’ ಎನ್ನುತ್ತಿದ್ದಳೇನೋ. ಸುಳಿಯಲಿಲ್ಲ. ಅವನು ದಾಳ ತೆಗೆದುಕೊಂಡ.

ದಾಳ ಸೇತುವೆಯ ಗೆರೆಗಳ ಮೇಲೆ ಉರುಳಿ, ಬೊಂಬೆಯ ಪಾದಕ್ಕೆ ತಾಗಿ ನಿಂತಿತು. ಹದಿನೈದು.

“ತಾಗ್ತು,” ಎಂದ ತಮ್ಮ ಮೆಲ್ಲಗೆ. “ಒಂಬತ್ತರಲ್ಲಿ ಎಂಟು ಹೋಯ್ತು. ಒಂದು ಜೀವ ಉಳೀತು.”

ಹದಿನೈದರಲ್ಲಿ ಎರಡು ಕಳೆದರೆ ಹದಿಮೂರು. ಹದಿನಾಲ್ಕನ್ನು ಮುಟ್ಟುತ್ತಿರಲಿಲ್ಲ. ಟೈಲರಮ್ಮನಿಗೆ ಈ ಲೆಕ್ಕ ಬೇಡವೆಂದರೂ ಬಂತು. ಅದರ ಜೊತೆಗೇ ಹೊಟ್ಟೆಯ ತಳದಲ್ಲಿ ತಣ್ಣಗೆ, ಹಾಯಾಗಿ ಏನೋ ಹರಿಯಿತು. ಐದು ವಾರದಲ್ಲಿ ಮೊದಲ ಸಲ ಇಸ್ತ್ರಿಪೆಟ್ಟಿಗೆ ಆರಿದಂತೆ. ಆ ಹಾಯಿ ತನ್ನದೇ ಎಂದು ಗೊತ್ತಾದಾಗ ಅವಳು ಸುಮ್ಮನೆ ಕತ್ತರಿಯನ್ನು ತೆಗೆದು ಆ ಕಡೆಯಿಂದ ಈ ಕಡೆ ಇಟ್ಟಳು.

“ಏಟು ಬಿದ್ರೆ ಹಾಡು ನಿಂತ್ಹೋಗುತ್ತೆ. ಮುಂದಿನ ಸಲ ಮೊದಲ ಏಟು ಗೂಬೇದು,” ಎಂದು ತಮ್ಮ ಗಡಿಯಾರ ನೋಡಿದ. ಡ್ರೈವರನಿಗೆ ಆರೂವರೆಯ ಪಾಳಿ. ಆಟ ಅಲ್ಲಿಗೇ ನಿಂತಿತು. ಹೊಡೆದಾಟ ಅರ್ಧಕ್ಕೆ ನಿಂತಿದ್ದರಿಂದ, ಬೆಳಿಗ್ಗೆ ಜಾಗ ಗುರುತು ಮಾಡಿ ತೆಗೆದರಾಯಿತೆಂದು, ಕಾಯಿಗಳನ್ನು ಅಲ್ಲಾಡಿಸದೆ ಹಳೆಯ ದುಪ್ಪಟಿಯೊಂದನ್ನು ನಕ್ಷೆಯ ಮೇಲೆ ಹೊದಿಸಿದರು.

“ಒಂದು ಜೀವ ಅಂದ್ರೆ ಐಸಿಯು,” ಎಂದಳು ಡೋಸ್, ಚಪ್ಪಲಿ ಮೆಟ್ಟುತ್ತ. “ನನ್ನ ಹತ್ರ ಇರೋ ಮಾತ್ರೆ ಯಾವುದೂ ಇದಕ್ಕೆ ನಾಟಲ್ಲ.”

ತಮ್ಮ ಸ್ಕೂಟರಿನ ಚಕ್ರಕ್ಕೆ ಗಾಳಿ ಹಾಕಿಸಲು ಹೋದ. ಟೈಲರಮ್ಮ ಬೂದು ಕೋಟಿನ ತೋಳನ್ನು ಮಡಿಲಿಗೆಳೆದುಕೊಂಡು ಕೈಹೊಲಿಗೆ ಹಾಕತೊಡಗಿದಳು. ನಾದಿನಿ ಎದುರಿನ ಸ್ಟೂಲಿನ ಮೇಲೆ ಕೂತು ಪಿನ್ನಿನ ಡಬ್ಬಿಯಲ್ಲಿ ಪಿನ್ನುಗಳನ್ನು ತಲೆ ಒಂದೇ ಕಡೆ ಬರುವಂತೆ ಜೋಡಿಸುತ್ತಿದ್ದಳು.

“ಮುಂದಿನ ವಾರ ಹೇಗಿದ್ರೂ ಸಾಯ್ತೀನಿ,” ಎಂದಳು. “ನಿಮ್ಮ ದೀಪ ಮತ್ತೆ ಲೆಕ್ಕಕ್ಕೆ ಬರುತ್ತೆ ಅತ್ತಿಗೆ.”

ಟೈಲರಮ್ಮನ ಸೂಜಿ ಒಂದು ಕ್ಷಣ ತಡೆಯಿತು. “ಚುಚ್ಚಿ ಮಾತಾಡ್ತಿದ್ದೀಯಾ?”

“ಇಲ್ಲ. ನಿಜ ಹೇಳ್ತಿದ್ದೀನಿ.” ನಾದಿನಿ ತಲೆಯೆತ್ತಲಿಲ್ಲ. “ನಾನು ಈ ಹಾಡುಗಾರ್ತೀನ ಯಾಕೆ ತಗೊಂಡೆ ಗೊತ್ತಾ? ಇವರು ಬೇಡ ಅಂದ್ರು. ಬಿಲ್ಲುಗಾತಿ ತಗೋ, ಬಿಲ್ಲುಗಾರರು ಯಾರೂ ಇಲ್ಲ ಅಂದ್ರು. ನಾನೇ ಹಟ ಮಾಡಿದೆ. ಅಕ್ಕನ ದೀಪಕ್ಕಿಂತ ಒಂದೇ ಒಂದು ಜಾಸ್ತಿ ಇರೋದು ಏನಿದೆ, ಅದನ್ನ ಕೊಡಿ ಅಂದೆ.”

“ಯಾಕೆ?”

“ಯಾಕೆ ಅಂದ್ರೆ... ಅಂಗಿ ಮಡಚಿದ್ರೆ, ಅಕ್ಕ ಹೀಗೆ ಮಡಚಲ್ಲ ಅಂತಾರೆ. ಬಾಗಿಲು ಹಾಕಿದ್ರೆ, ಅಕ್ಕ ಹೀಗೆ ಸದ್ದು ಮಾಡಲ್ಲ. ಜ್ವರ ಬಂದ್ರೆ, ಅಕ್ಕ ಹಣೆ ಮುಟ್ಟಿದ್ರೆ ಸಾಕಿತ್ತು. ಮನೆ ತುಂಬ ನೀವೇ ಇದ್ದೀರ ಅತ್ತಿಗೆ. ನನಗೆ ಕಾಲಿಡೋಕೆ ಜಾಗ ಇಲ್ಲ.” ಅವಳು ನಕ್ಕಳು, ಗುಳಿ ಬೀಳಲಿಲ್ಲ. “ಹೊಟ್ಟೆಕಿಚ್ಚು. ಏನು ಮಾಡೋದು? ಒಂದು ಕಡೆಯಾದ್ರೂ ನಿಮಗಿಂತ ಒಂದು ಜಾಸ್ತಿ ಇರೋಣ ಅನ್ನಿಸ್ತು. ನಿಮ್ಮ ದೀಪಾನೇ ಆರಿಹೋಗುತ್ತೆ ಅಂತ ಗೊತ್ತಿರಲಿಲ್ಲ. ಹದಿನಾಲ್ಕನೇ ಪುಟ ಓದಿದ ದಿನ ಮನೇಲಿ ಇವರು ನನ್ನ ಜೊತೆ ಸರಿಯಾಗಿ ಮಾತೇ ಆಡಲಿಲ್ಲ.”

ಅಂದು ತಮ್ಮ ಮಂಕಾಗಿ ಮನೆಗೆ ಹೋಗಿದ್ದ ಎಂದು ಕೇಳಿ ಟೈಲರಮ್ಮನಿಗೆ ಮೊದಲು ಹಿಗ್ಗಾಯಿತು. ಆ ಹಿಗ್ಗನ್ನು ನೋಡಿ ನಾಚಿಕೆಯಾಯಿತು. ಇವಳು ತನ್ನ ಕಿಚ್ಚನ್ನು ಪಿನ್ನಿನ ಡಬ್ಬಿಯಂತೆ ತೆರೆದು ಮುಂದಿಟ್ಟುಬಿಟ್ಟಳಲ್ಲ, ನನಗೇಕೆ ಆಗಲಿಲ್ಲ ಎಂದು ಅದರಲ್ಲೂ ಒಂದು ಹೊಸ ಉರಿ ಎದ್ದಿತು. ಇಲ್ಲಿಯೂ ಇವಳದೇ ಒಂದು ಹೆಚ್ಚು.

“ಸುಮ್ನೆ ಏನೇನೋ ಹಚ್ಕೊಂಡಿದ್ದೀಯ,” ಎಂದಳು ಕೊನೆಗೆ. ಹಲ್ಲಿನಿಂದ ದಾರ ಕಡಿದು ಕೋಟು ಕೊಡವಿ ಕೊಟ್ಟಳು. “ಹಾಕ್ಕೊಂಡು ನೋಡು.”

ತೋಳು ಮಣಿಕಟ್ಟಿಗೆ ಸರಿಯಾಗಿ ಬಂದು ನಿಂತಿತು. ಪಿನ್ನು ಚುಚ್ಚಿದ್ದ ಕಡೆ ಸಾಸಿವೆಯಷ್ಟು ಕೆಂಪು. ನಾದಿನಿ ಕೈ ಮುಂದೆ ಮಾಡಿ, ಮಡಚಿ, ತಿರುಗಿಸಿ ನೋಡಿದಳು. “ಮೊದಲಿಂದ ನನಗೇ ಹೊಲಿದ ಹಾಗಿದೆ ಅತ್ತಿಗೆ.”

ಹೊರಗೆ ಸ್ಕೂಟರಿನ ಹಾರ್ನ್ ಕೇಳಿಸಿತು. ತಮ್ಮ ಬಾಗಿಲಿಗೆ ಬಂದು ತಲೆ ಹಾಕಿದ. “ಅಕ್ಕ, ಬರ್ತೀವಿ. ಇವಳೇನಾದ್ರೂ ನಿನ್ನ ತಲೆ ತಿಂದ್ಲಾ?”

“ನಿನ್ನಷ್ಟು ಯಾರೂ ತಿಂದಿಲ್ಲ, ಹೋಗೋ.”

ಅವರಿಬ್ಬರೂ ತಿರುವು ದಾಟುವವರೆಗೆ ಅವಳು ಬಾಗಿಲಲ್ಲೇ ನಿಂತಿದ್ದಳು. ನಾದಿನಿಯ ಕೈ ತಮ್ಮನ ಹೆಗಲ ಮೇಲಿತ್ತು. ಬೂದು ತೋಳು, ಅವಳೇ ಹಾಕಿದ ಹೊಲಿಗೆ. ಆರಿದ್ದ ಕಿಚ್ಚು ಮತ್ತೆ ಎದ್ದಿತು. ಅದು ಇಷ್ಟಕ್ಕೆಲ್ಲ ಹೋಗುವಂಥದ್ದಲ್ಲ ಎಂದು ಅವಳಿಗೆ ಗೊತ್ತಾಯಿತು.

ಒಳಗೆ ಬಂದು ದುಪ್ಪಟಿಯ ಒಂದು ಮೂಲೆ ಎತ್ತಿದಳು. ಬೊಂಬೆ ಬೆನ್ನು ನೆಟ್ಟಗಿಟ್ಟುಕೊಂಡು ಕಪ್ಪು ಉರುಳೆಯ ಎದುರು ನಿಂತಿತ್ತು. ಹತ್ತಿರದಿಂದ ನೋಡಿದರೆ ರೆಪ್ಪೆಗೆ ನಿಜಕ್ಕೂ ಬಣ್ಣವಿತ್ತು. ಹಿತ್ತಾಳೆ ಗುಂಡಿ ಅದರ ಹಿಂದೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ. ಮುಂದಿನ ಭಾನುವಾರ ದೀಪ ಹಚ್ಚದೆ ಸುಮ್ಮನಿದ್ದರೆ ಸಾಕು; ಹಾಡೂ ಇಲ್ಲದ ಬೊಂಬೆಗೆ ಗೂಬೆಯ ದಾಳ ಹನ್ನೊಂದು ಮುಟ್ಟಿದರೆ ಎಲ್ಲ ಮೊದಲಿನಂತೆ. ಹಳದಿ ವೃತ್ತ, ಡ್ರೈವರನ ಕೂಗು, ಹತ್ತು ವರ್ಷದ ಆ ಮುಖ.

ಅವಳು ದಾರದ ಡಬ್ಬಿ ಸರಿಸಿ ಪುಸ್ತಕ ತೆಗೆದಳು. ಹತ್ತೊಂಬತ್ತನೆಯ ಪುಟದ ಪೆನ್ಸಿಲ್ ಬರಹವನ್ನು ಇನ್ನೊಮ್ಮೆ ಓದಿದಳು. ‘ಒಬ್ಬರೇ ಶತ್ರುವಿನ ಪಕ್ಕಕ್ಕೆ ಹೋಗಿ.’ ಅಲ್ಲಿ ನಿಂತರೆ ಅವಳ ಎರಡನ್ನು ಯಾರ ಮೂರೂ ನುಂಗುವುದಿಲ್ಲ. ಅಲ್ಲಿ ಇನ್ನೊಬ್ಬರ ಶಕ್ತಿಯೇ ಇಲ್ಲ, ಬರೀ ಅವಳ ಬೆಳಕು. ರಟ್ಟಿನ ಹಿಂದೆ ತಮ್ಮ ಪ್ರತಿ ಏಟಿಗೂ ಎರಡು ಕಳೆಯಬೇಕು; ಪ್ರತಿ ಸಲವೂ ಅಕ್ಕನನ್ನು ನೆನೆಯಬೇಕು. ಹೆಬ್ಬೆರಳಿಗೆ ಸೂಜಿ ಹೊಕ್ಕ ಆ ಸಂಜೆಯೂ ಅವನಿಗೆ ನೆನಪಾದೀತು. ಅದು ಬೊಂಬೆಯವಳಿಗೆ ಗೊತ್ತಿಲ್ಲದ ಸಂಜೆ.

ಆದರೆ ಹೋಗುವ ಮೊದಲು ಎರಡು ಮಾತು ಹೇಳಬೇಕಾಗುತ್ತದೆ: ‘ನಿಯಮ ಇತ್ತು. ನನಗೆ ಗೊತ್ತಿತ್ತು.’ ಮರೆತಿದ್ದೆ ಎಂದರೆ ಎಲ್ಲರೂ ನಂಬುತ್ತಾರೆ, ಅದು ಸುಲಭ. ಟೈಲರಮ್ಮ ಎರಡನ್ನೂ ಬಾಯೊಳಗೇ ಹೇಳಿ ನೋಡಿದಳು. ಮರೆತಿದ್ದೆ ಎಂಬುದು ನಾಲಿಗೆಯ ಮೇಲೆ ಹಗುರಾಗಿ ಜಾರಿತು. ಇನ್ನೊಂದು ಗಂಟಲಲ್ಲಿ ಸಿಕ್ಕಿಕೊಂಡಿತು. ಸಿಕ್ಕಿಕೊಂಡದ್ದನ್ನೇ ಆರಿಸಿಕೊಂಡಳು.

ಪಿನ್ನಿನ ಡಬ್ಬಿಯಲ್ಲಿ ನಾದಿನಿ ಜೋಡಿಸಿಟ್ಟ ಸಾಲಿನಿಂದ ಒಂದು ಪಿನ್ನು ಎತ್ತಿ ಹತ್ತೊಂಬತ್ತನೆಯ ಪುಟದ ಅಂಚಿಗೆ ಚುಚ್ಚಿದಳು. ಡಬ್ಬಿಯಿಂದ ಹಳದಿ ಚಾಕ್ ತೆಗೆದು, ಸವೆದ ತುದಿಯನ್ನು ಬ್ಲೇಡಿನಿಂದ ಚೂಪು ಮಾಡಿ ಪುಸ್ತಕದ ಮೇಲಿಟ್ಟಳು. ದುಪ್ಪಟಿಯನ್ನು ಮೊದಲಿದ್ದಂತೆ ಎಳೆದು, ಪಕ್ಕದ ಸ್ಟೂಲಿನ ಮೇಲೆ ಮಡಚಿಟ್ಟಿದ್ದ ಪ್ಯಾಂಟನ್ನು ಎತ್ತಿಕೊಂಡು ಮಿಷನ್ನಿನ ಮುಂದೆ ಕೂತಳು. ಎರಡೂ ಕಾಲಿನ ಅಂಚು ಬಿಚ್ಚಿ ಆಗಿತ್ತು. ಇನ್ನು ಹೊಲಿಯುವುದಷ್ಟೇ ಬಾಕಿ.